ರಂಗನತಿಟ್ಟಿಗೆ ಹೋಗುವ ಮುನ್ನ ಒಂಬತ್ತು ಹಕ್ಕಿಗಳ ಹೆಸರು ಕಲಿಯಿರಿ

ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿದ ರಂಗನತಿಟ್ಟಿಗೆ ನಾವು ಫೆಬ್ರವರಿಯಲ್ಲಿ ಹೋಗಿದ್ದೆವು. ಗೂಡು ಕಟ್ಟಿದ ಹಕ್ಕಿಗಳನ್ನು ನೋಡಲು ಅದು ಒಳ್ಳೆಯ ಕಾಲ. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ಸಂಚಾರವನ್ನೇ ನಿಲ್ಲಿಸುವುದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಿ. ಶ್ರೀರಂಗಪಟ್ಟಣದವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಬಂದರೆ ಅಲ್ಲಿಂದ ಆಟೊದಲ್ಲಿ ಹೋಗುವಷ್ಟೇ ದೂರ.

ದೋಣಿ ನಡುಗಡ್ಡೆಯ ಬಳಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಪುಸ್ತಕದ ಪುಟ ತಿರುವುತ್ತ ಕುಳಿತರೆ ಹಕ್ಕಿ ತಪ್ಪಿಹೋಗುತ್ತದೆ. ಆದ್ದರಿಂದ ಅಲ್ಲಿ ಖಂಡಿತ ಕಾಣಸಿಗುವ ಒಂಬತ್ತು ಹಕ್ಕಿಗಳ ಕನ್ನಡ, ಇಂಗ್ಲಿಷ್ ಮತ್ತು ವೈಜ್ಞಾನಿಕ ಹೆಸರುಗಳನ್ನು ಮನೆಯಲ್ಲೇ ಬರೆದುಕೊಳ್ಳುವುದು ಮೇಲು. ದೋಣಿ ನಡೆಸುವವರು ಹೆಚ್ಚಾಗಿ ಪೇಂಟೆಡ್ ಸ್ಟಾರ್ಕ್, ಸ್ಪೂನ್‌ಬಿಲ್ ಎಂದೇ ತೋರಿಸುತ್ತಾರೆ. ನಮ್ಮ ಊರುಗಳಲ್ಲಿ ಇವೆರಡನ್ನೂ ಕೊಕ್ಕರೆ ಎನ್ನುವುದುಂಟು. ವೈಜ್ಞಾನಿಕ ಹೆಸರು ಜೊತೆಗಿದ್ದರೆ ಅವುಗಳ ನಂಟು ತಿಳಿಯುತ್ತದೆ. ಬಣ್ಣದ ಕೊಕ್ಕರೆ (ಮಿಕ್ಟೀರಿಯ ಲ್ಯೂಕೊಸೆಫಾಲ) ಮತ್ತು ಮುಚ್ಚಿದರೂ ಕೊಕ್ಕಿನ ನಡುವೆ ಸಂದು ಉಳಿಯುವ, ಬಸವನಹುಳು ತಿನ್ನುವ ಬಾಯ್ಕಳಕ (ಅನಾಸ್ಟೋಮಸ್ ಆಸಿಟನ್ಸ್) ನಿಜವಾದ ಕೊಕ್ಕರೆಗಳ ಕುಟುಂಬದವು. ನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಆಡಿಸುತ್ತ ಮೇಯುವ ಚಮಚಕೊಕ್ಕು (ಪ್ಲಟಾಲಿಯ ಲ್ಯೂಕೊರೋಡಿಯ) ಮಾತ್ರ ಅದೇ ಮರದಲ್ಲಿ ಕುಳಿತಿರುವ ಕರಿತಲೆಯ ಕೆಂಬರಲಿನ (ಐಬಿಸ್, ಥ್ರೆಸ್ಕಿಯಾರ್ನಿಸ್ ಮೆಲನೋಸೆಫಾಲಸ್) ಬಂಧು.

ಬೆಳ್ಳಕ್ಕಿಗಳ ವಿಷಯ ಇದಕ್ಕಿಂತಲೂ ಸ್ವಾರಸ್ಯಕರ. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಬೆರಳುಗಳಿರುವುದು ಸಣ್ಣ ಬೆಳ್ಳಕ್ಕಿ, ಎಗ್ರೆಟ್ಟ ಗಾರ್ಜೆಟ್ಟ. ನೋಡಲು ಅದರಂತೆಯೇ ಬೆಳ್ಳಗಿದ್ದರೂ ದೊಡ್ಡ ಬೆಳ್ಳಕ್ಕಿ (ಆರ್ಡಿಯ ಆಲ್ಬ) ಬೂದು ಬಕದ (ಆರ್ಡಿಯ ಸಿನೇರಿಯ) ಕುಲಕ್ಕೆ (ವೈಜ್ಞಾನಿಕ ಹೆಸರಿನ ಮೊದಲ ಪದ ಸೂಚಿಸುವ ಗುಂಪಿಗೆ) ಸೇರಿದೆ. ಹಕ್ಕಿಯನ್ನು ಬಣ್ಣದಿಂದಷ್ಟೇ ಗುರುತಿಸುವ ನಮ್ಮ ಅಭ್ಯಾಸವನ್ನು ಈ ಒಂದು ಉದಾಹರಣೆಯೇ ತಿದ್ದಬಲ್ಲದು. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಅವರಿಗೆ ದೋಣಿಯಲ್ಲೇ ತೋರಿಸಬೇಕೆಂದು ನನ್ನ ಆಗ್ರಹ.

ಹೆಜ್ಜಾರ್ಲೆಯನ್ನು (ಪೆಲಿಕನ್, ಪೆಲಿಕಾನಸ್ ಫಿಲಿಪೆನ್ಸಿಸ್) ಗುರುತಿಸಲು ಯಾರ ನೆರವೂ ಬೇಡ. ಬಂಡೆಗಳ ಮೇಲೆ ಹಳದಿ ಕೊಕ್ಕಿನ ನದಿ ರೀವಗಳು (ರಿವರ್ ಟರ್ನ್, ಸ್ಟರ್ನ ಆರಾಂಶಿಯ) ಕೂರುತ್ತವೆ. ಅಲ್ಲೇ ಮೊಸಳೆಗಳೂ ಬಿಸಿಲು ಕಾಯುವುದರಿಂದ ದೋಣಿಯಿಂದ ಕೈ ಹೊರಚಾಚಬೇಡಿ. ಬೆಳಗಿನ ಮೊದಲ ದೋಣಿಗೇ ಟಿಕೆಟ್ ಪಡೆಯಿರಿ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಸಾಕು. ಅದಕ್ಕಿಂತ ಶಕ್ತಿಯುತವಾದದ್ದು ಅಲುಗಾಡುವ ದೋಣಿಯಲ್ಲಿ ಸ್ಥಿರವಾಗಿ ನಿಲ್ಲದು. ಸಮಯ ಉಳಿದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಿಬನ್ನಿ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವುದರಿಂದ ದೋಣಿಯ ಅಗತ್ಯವಿಲ್ಲ.