ಮೊದಲು ವಾರ್ಡಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರಿ

"ಆಸ್ಪತ್ರೆಯ ಆಡಳಿತ ಕಲಿಯಲು ಯಾವ ಕೋರ್ಸು ಸೇರಬೇಕು ಸಾರ್?" ಈ ಕೆಲಸಕ್ಕೆ ಹೊಸದಾಗಿ ಬಂದವರು ತಪ್ಪದೆ ಕೇಳುವ ಪ್ರಶ್ನೆ. ಕೋರ್ಸು ಬೇಡವೆನ್ನುವುದಿಲ್ಲ, ನಾನೂ ಮಾಡಿದ್ದೇನೆ. ಆದರೆ ಅದಕ್ಕೂ ಮೊದಲು ವಾರ್ಡಿನ ಮೂಲೆಯಲ್ಲಿ ಎರಡು ಗಂಟೆ ಬಾಯಿ ಮುಚ್ಚಿಕೊಂಡು ಕೂರಿ ಎನ್ನುತ್ತೇನೆ. ಹೆಚ್ಚಿನವರು ನಗುತ್ತಾರೆ.

ನನಗೆ ಈ ಬುದ್ಧಿ ಬಂದದ್ದು ಒಂದು ಮೆಮೊದಿಂದ. ಮಹಿಳೆಯರ ವಾರ್ಡಿನಲ್ಲಿ ಡ್ರಿಪ್ ಖಾಲಿಯಾದರೂ ಬದಲಾಯಿಸುವವರಿಲ್ಲ ಎಂಬ ದೂರು ಬಂದಿತ್ತು. ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ ಮೆಮೊ ಕೊಟ್ಟೆ. ಅವರು ತುಟಿ ಬಿಚ್ಚದೆ ಸಹಿ ಹಾಕಿ ಹೋದರು. ಆ ಮೌನ ಯಾಕೋ ಕಾಡಿತು. ಮರುವಾರ ಅದೇ ವಾರ್ಡಿಗೆ ಹೋಗಿ ಕುಳಿತೆ. ಮೊದಲ ಅರ್ಧ ಗಂಟೆ ಬರೀ ನಾಟಕ. ಸಾಹೇಬರು ಬಂದಿದ್ದಾರೆಂದು ಹಾಸಿಗೆಯ ಸುಕ್ಕುಗಳೂ ಮಾಯವಾದವು. ಆಮೇಲೆ ಎಲ್ಲರೂ ನನ್ನನ್ನು ಮರೆತರು. ಪಕ್ಕದ ಅಜ್ಜಿ "ನಿಮ್ಮ ಕಡೆಯವರು ಯಾವ ಮಂಚದಲ್ಲಿದ್ದಾರಪ್ಪ?" ಎಂದು ವಿಚಾರಿಸಿದಾಗ, ಇನ್ನು ನಿಜ ಕಾಣಿಸುತ್ತದೆ ಅನ್ನಿಸಿತು.

ರೋಗಿಗಳು 22, ಸಿಸ್ಟರ್ ಒಬ್ಬರೇ. ಹತ್ತಿ, ಸಿರಿಂಜು, ಸಲೈನ್ ಬಾಟಲಿ ಏನು ಬೇಕಾದರೂ ಕೆಳಮಹಡಿಯ ಸ್ಟೋರಿಗೆ ಇಳಿಯಬೇಕು. ಅದರ ಬೀಗದ ಕೈ ಇನ್ನೊಬ್ಬರ ಬಳಿ. ಒಂದು ಗಂಟೆಯಲ್ಲಿ ಏಳು ಸಲ ಇಳಿದು ಹತ್ತಿದರು. ಕಿಟಕಿ ಪಕ್ಕದ ರೋಗಿಯ ಮಗಳಿಗೆ ಹತ್ತು ವರ್ಷವಿರಬೇಕು. ಬಾಟಲಿಯನ್ನೇ ನೋಡುತ್ತ ನಿಂತಿದ್ದವಳು, ನೀರು ತಳ ಮುಟ್ಟುತ್ತಲೇ ನೇರವಾಗಿ ಮೆಟ್ಟಿಲ ಕಡೆಗೆ ಓಡಿದಳು. ಸಿಸ್ಟರ್ ಎಲ್ಲಿರುತ್ತಾರೆಂದು ಆ ಮಗುವಿಗೆ ಗೊತ್ತಿತ್ತು. ಸ್ಟೋರಿಗೆ ಬೀಗ ಹಾಕುವ ನಿಯಮ ಮಾಡಿದವನು ನಾನೇ.

ಇದೇನೂ ನನ್ನ ಸ್ವಂತ ವಿದ್ಯೆಯಲ್ಲ. ಜಪಾನಿನ ಕಾರು ಕಂಪನಿ ಟೊಯೋಟಾದಲ್ಲಿ ಕೆಲಸದ ಪದ್ಧತಿ ರೂಪಿಸಿದ ತಾಯಿಚಿ ಓನೊ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಎಂಜಿನಿಯರುಗಳನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ, ಸುಮ್ಮನೆ ನೋಡಲು. ಅಮೆರಿಕದ ಸಿಯಾಟಲ್‌ನಲ್ಲಿರುವ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು 2002ರಲ್ಲಿ ಜಪಾನಿಗೇ ಹೋಗಿ ಟೊಯೋಟಾದ ಪದ್ಧತಿ ಕಲಿತು ಬಂದರು. ನಮಗೆ ಒಂದು ಮಹಡಿ ಹತ್ತಿದರೆ ಸಾಕು.

ಕೂರುವವರಿಗೆ ಒಂದೆರಡು ಮಾತು. ರೋಗಿಯ ಒಪ್ಪಿಗೆ ಕೇಳಿ. ಪರದೆ ಎಳೆದರೆ ಎದ್ದು ಹೊರಗೆ ಬನ್ನಿ. ಕೈಯಲ್ಲಿ ಪುಸ್ತಕ, ಪೆನ್ನು ಕಂಡರೆ ತಪಾಸಣೆಗೆ ಬಂದಿದ್ದಾರೆ ಎಂದುಕೊಳ್ಳುತ್ತಾರೆ, ಆದ್ದರಿಂದ ಬರೆಯುವುದನ್ನು ಕೋಣೆಗೆ ಮರಳಿದ ಮೇಲೆ ಇಟ್ಟುಕೊಳ್ಳಿ. ರೋಗಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಬಾಯಿ ಹಾಕಿ. ಡ್ಯೂಟಿ ಬದಲಾಗುವ ಹೊತ್ತನ್ನಂತೂ ತಪ್ಪಿಸಿಕೊಳ್ಳಬೇಡಿ. ಹೋಗುವವರು ಏನು ಹೇಳಿದರು, ಬಂದವರ ಕಿವಿಗೆ ಏನು ಬಿತ್ತು ಎಂಬುದು ಯಾವ ಕೇಸ್ ಶೀಟಿನಲ್ಲೂ ಸಿಗುವುದಿಲ್ಲ.

ಆ ಮೆಮೊವನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿದೆ. ವಾರ್ಡಿಗೇ ಒಂದು ಬೀರು ಬಂತು, ಬೀಗದ ಕೈ ಡ್ಯೂಟಿ ಸಿಸ್ಟರ್ ಬಳಿಯೇ ಉಳಿಯಿತು. ಅವರು ಆಗಲೂ ಹೆಚ್ಚು ಮಾತಾಡಲಿಲ್ಲ. "ರಾತ್ರಿ ಪಾಳಿಯಲ್ಲೂ ಒಮ್ಮೆ ಬಂದು ಕೂರಿ ಸಾರ್" ಎಂದರು.