ಎರಡು ರೆಸಿನ್, ಒಂದು ಸುರಂಗ: ಬೆಸುಗೆಯ ಕಾಟ ಮುಗಿಯಿತು

ಪಾರದರ್ಶಕ ರೆಸಿನ್ (ಹುಯ್ದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಹಾಳೆಯಲ್ಲಿ ತೂತು ಕೊರೆದು ಸುರಂಗದ ಮಾದರಿ ಮಾಡುತ್ತಿದ್ದೇನೆ. ಅದನ್ನು ಎರಡು ಪೋಲರೈಸರ್ (ಬೆಳಕು ಸೋಸುವ ಹಾಳೆ) ನಡುವೆ ಇಟ್ಟು ಒತ್ತಿದರೆ, ಒತ್ತಡ ಇರುವಲ್ಲಿ ಬಣ್ಣದ ಪಟ್ಟೆ ಮೂಡುತ್ತದೆ. ಎರಡು ರೆಸಿನ್ ಸೇರುವ ಬೆಸುಗೆಯಲ್ಲಿ ಲೋಡ್ ಹಾಕುವ ಮೊದಲೇ ಪಟ್ಟೆ ಕಾಣುತ್ತಿತ್ತು, ಆ ಕಾಟ ಕೊನೆಗೂ ತೊಲಗಿತು.

ಒಂದೇ ರೆಸಿನ್ನಿನ ಹಾಳೆ ಸಲೀಸಾಗಿ ಮುಗಿದಿತ್ತು. ಮೇಲಿಂದ ಒತ್ತಿದಾಗ ದುಂಡು ತೂತಿನ ಎರಡೂ ಪಕ್ಕದಲ್ಲಿ ಒತ್ತಡ, ನಾವು ಹಾಕಿದ್ದರ ಸುಮಾರು 3 ಪಟ್ಟು. ಜರ್ಮನ್ ಇಂಜಿನಿಯರ್ ಕಿರ್ಷ್ 1898ರಲ್ಲಿ ಕೊಟ್ಟ ಲೆಕ್ಕ ಹೇಳುವುದೂ ಅದನ್ನೇ. ಆದರೆ ನೆಲದೊಳಗೆ ಬಂಡೆ ಒಂದೇ ಥರ ಇರುವುದಿಲ್ಲ, ಅಲ್ವಾ? ನಮ್ಮ ಮಂಡ್ಯ ಸೀಮೆಯಲ್ಲೇ ನೈಸ್ ಬಂಡೆಯನ್ನು ಸೀಳಿಕೊಂಡು ಡಾಲರೈಟ್ ಡೈಕ್ (ಬೇರೆ ಕಲ್ಲಿನ ಗೋಡೆಯಂಥ ಪಟ್ಟಿ) ಹೋಗಿರುತ್ತದೆ. ಹುಲಿಕೆರೆ ಸುರಂಗದೊಳಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ನುಗ್ಗುವುದನ್ನು ಕಂಡಾಗೆಲ್ಲ ನನಗೆ ಇದೇ ಯೋಚನೆ. ಅದಕ್ಕೇ ಮೆದು ರೆಸಿನ್ನಿನ ಹಾಳೆಯಲ್ಲಿ, ತೂತಿನ ಬಲ ಅಂಚಿಗೆ ಡೈಕಿನ ಬದಲಿಗೆ ಗಟ್ಟಿ ರೆಸಿನ್ನಿನ ಪಟ್ಟಿ ಕೂರಿಸಿದ್ದು.

ಗಟ್ಟಿಯಾದ ಹಾಳೆಯ ಪಕ್ಕಕ್ಕೆ ಇನ್ನೊಂದು ರೆಸಿನ್ ಹುಯ್ದರೆ ಅದು ಆರುವಾಗ ಕುಗ್ಗಿ ಜಗ್ಗುತ್ತದೆ. ಅದರಿಂದಲೇ ಆ ಪಟ್ಟೆ; ಓವನ್ನಿನಲ್ಲಿ ಕಾಯಿಸಿ ನಿಧಾನಕ್ಕೆ ಆರಿಸಿದರೂ ಹೋಗಲಿಲ್ಲ. ತಣ್ಣಗಾಗುವಾಗ ಎರಡೂ ಬೇರೆಬೇರೆ ಕುಗ್ಗಿ, ಹೊಸ ಒತ್ತಡ ಹುಟ್ಟುತ್ತದೆ. ಇದರ ಮೇಲೆ, ಮೈಸೂರಿನ ಅಂಗಡಿಯವರು ಅದೇ ಲೇಬಲ್ಲಿನ ಡಬ್ಬದಲ್ಲಿ ಬೇಗ ಗಟ್ಟಿ ಮಾಡುವ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಕೊಟ್ಟರು. ಅಚ್ಚು ಕೈ ಸುಡುವಷ್ಟು ಬಿಸಿಯಾಯಿತು. ದುಡ್ಡು ಕೊಟ್ಟವರಿಗೆ ಇದು ಅನ್ಯಾಯ.

ದಾರಿ ಸಿಕ್ಕಿದ್ದು ಹೀಗೆ: ಎರಡನ್ನೂ ಬೇರೆ ಎರಕ ಹುಯ್ದು, ಬೇರೆಬೇರೆಯಾಗಿ ಕಾಯಿಸಿ ಆರಿಸಿ, ಕತ್ತರಿಸಿ, ಕೋಣೆಯ ತಾಪದಲ್ಲೇ ನಿಧಾನದ ರೆಸಿನ್ನನ್ನು ತೆಳ್ಳಗೆ ಸವರಿ ಅಂಟಿಸಬೇಕು. ಪೋಲರೈಸರ್ ನಡುವೆ ಇಟ್ಟರೆ ಪೂರ್ತಿ ಕಪ್ಪು, ಅಂದರೆ ಪಟ್ಟೆಯೇ ಇಲ್ಲ! ಅಂಚು ತೇವ ಹೀರುವ ಮೊದಲು ಆವತ್ತೇ ಲೋಡ್ ಹಾಕಿಬಿಡಿ.

ಲೋಡ್ ಹಾಕಿದಾಗ ಮೆದು ಕಡೆಗೇ ಪಟ್ಟೆ ಜಾಸ್ತಿ. ಅದನ್ನು ನೋಡಿ ಅಲ್ಲೇ ಒತ್ತಡ ಹೆಚ್ಚು ಅಂದುಕೊಳ್ಳಬೇಡಿ. ಒಂದು ಪಟ್ಟೆಗೆ ಎಷ್ಟು ಒತ್ತಡ ಅನ್ನುವುದು ಎರಡು ರೆಸಿನ್ನಿಗೂ ಬೇರೆ. ಎರಡರಿಂದಲೂ ಒಂದೊಂದು ಬಿಲ್ಲೆ ಮಾಡಿ, ಒತ್ತಿ, ಅಳತೆ ತೆಗೆದೆ. ಆಮೇಲೆ ಲೆಕ್ಕ ಹಾಕಿದರೆ ಗಟ್ಟಿ ಪಟ್ಟಿಯೇ ಹೆಚ್ಚು ಹೊರೆ ಹೊತ್ತಿತ್ತು. ಬೆಸುಗೆಯುದ್ದಕ್ಕೂ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಲೇಬೇಕು, ಹಾಗಾಗಿ ಗಟ್ಟಿ ಇದ್ದದ್ದಕ್ಕೆ ಪಾಲು ಜಾಸ್ತಿ. ತೂತಿನ ಮೇಲ್ಭಾಗವೂ ನೆಟ್ಟಗೆ ಇಳಿಯದೆ ಮೆದು ಕಡೆಗೆ ವಾಲಿ ಇಳಿಯಿತು. ಅಂಚಿಗೆ ಇಟ್ಟ ಚುಕ್ಕೆಗಳ ಫೋಟೋದಲ್ಲಿ ಇದು ಸ್ಪಷ್ಟ.

ಮುಂದೆ ಕೆಜಿಎಫ್ ಮಾದರಿ ಮಾಡುವ ಆಸೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ, ಬಂಡೆ ಸಿಡಿತಕ್ಕೆ ಹೆಸರಾದದ್ದು. ಪಕ್ಕಪಕ್ಕ ಎರಡು ತೂತು, ನಡುವೆ ಕಂಬ, ಅಡ್ಡಲಾಗಿ ಡೈಕ್. ನಿಧಾನದ ಹಾರ್ಡನರ್ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ತಿಳಿಸಿ.