ಕೆಂಪು ಔಷಧ ಗಡ್ಡೆಯನ್ನು ತಲುಪುವ ದಾರಿ

ನಾನು ಆಸ್ಪತ್ರೆಯೊಂದರಲ್ಲಿ ಕಿಮೋಥೆರಪಿ ಔಷಧಗಳನ್ನು ಬೆರೆಸಿ ಸಿದ್ಧಪಡಿಸುವ ಫಾರ್ಮಸಿಸ್ಟ್. ಡಾಕ್ಸೊರುಬಿಸಿನ್ ನನ್ನ ಮೇಜಿಗೆ ಎರಡು ರೂಪದಲ್ಲಿ ಬರುತ್ತದೆ. ಒಂದು ತಿಳಿಯಾದ ಕೆಂಪು ದ್ರಾವಣ. ಇನ್ನೊಂದು ತುಸು ಮಬ್ಬು ಕೆಂಪು. ಅದರಲ್ಲಿ ಔಷಧವು ಸುಮಾರು 100 ನ್ಯಾನೊಮೀಟರ್ ಅಗಲದ ಕೊಬ್ಬಿನ ಗೋಳಗಳೊಳಗೆ ಹರಳುಗಟ್ಟಿ ಕುಳಿತಿರುತ್ತದೆ. ಇವೇ ಲೈಪೊಸೋಮ್‌ಗಳು. ಇವನ್ನು 5% ಡೆಕ್ಸ್‌ಟ್ರೋಸ್‌ನಲ್ಲಿ ಮಾತ್ರ ಬೆರೆಸಬೇಕು, ಸಲೈನ್ ಕೂಡದು. ಹನಿ ಹಾಕುವ ಕೊಳವೆಯಲ್ಲಿ ಫಿಲ್ಟರ್ ಇರಬಾರದು.

‘ಇದು ನೇರವಾಗಿ ಗಡ್ಡೆಗೇ ಹೋಗುತ್ತದಂತೆ, ಹೌದಾ ಮೇಡಂ?’ ಎಂದು ರೋಗಿಗಳ ಮನೆಯವರು ಆಸೆಯಿಂದ ಕೇಳುತ್ತಾರೆ. ಅವರಿಗೆ ಪೂರ್ತಿ ಉತ್ತರ ಸಿಗಬೇಕು ಎಂಬುದು ನನ್ನ ಹಟ. ಲೈಪೊಸೋಮ್ ರೂಪದಿಂದ ಹೃದಯಕ್ಕೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಅದು ದೊಡ್ಡ ಲಾಭ. ಆದರೆ ಅಂಗೈ, ಅಂಗಾಲು ಕೆಂಪಾಗಿ ಉರಿಯಬಹುದು. ಬಿಸಿ ನೀರು, ಬಿಗಿ ಚಪ್ಪಲಿ ಬೇಡ. ಉರಿ ಶುರುವಾದರೆ ಮುಂದಿನ ಡೋಸ್‌ವರೆಗೆ ಕಾಯದೆ ವೈದ್ಯರಿಗೆ ತಿಳಿಸಿ ಎನ್ನುತ್ತೇನೆ. ‘ನೇರವಾಗಿ’ ಎಂಬ ಮಾತಿಗೆ ಮಾತ್ರ ತಲೆಯಾಡಿಸಲಾರೆ.

ಆ ಮಾತಿನ ಬೇರು 1986ರಲ್ಲಿದೆ. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಸೋರಿದ ದೊಡ್ಡ ಅಣುಗಳನ್ನು ಹೊರಗೊಯ್ಯುವ ದುಗ್ಧನಾಳಗಳು ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಅವು ಅಲ್ಲೇ ಉಳಿಯುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಯೇದಾ ತೋರಿಸಿದರು. ಲೈಪೊಸೋಮಲ್ ಡಾಕ್ಸೊರುಬಿಸಿನ್‌ಗೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚುಚ್ಚಿದ ನ್ಯಾನೊಕಣಗಳಲ್ಲಿ (ಲೈಪೊಸೋಮ್‌ನಂಥ ಅತಿ ಸಣ್ಣ ಕಣಗಳಲ್ಲಿ) ಗಡ್ಡೆ ತಲುಪಿದ್ದರ ಮಧ್ಯಾಂಕ ಶೇ. 0.7 ಮಾತ್ರ. ಸಾವಿರಕ್ಕೆ ಏಳು! ಬಹುಪಾಲು ಯಕೃತ್ತು, ಗುಲ್ಮಗಳ ಪಾಲಾಗುತ್ತದೆ. 2020ರಲ್ಲಿ ಅದೇ ಪ್ರಯೋಗಾಲಯ ಇನ್ನೊಂದು ಸಂಗತಿ ಹೇಳಿತು: ಗಡ್ಡೆಯೊಳಗೆ ಹೋಗುವ ಕಣಗಳಲ್ಲಿ ಶೇ. 97ರಷ್ಟು ನಾಳದ ಬಿರುಕುಗಳಿಂದ ನುಸುಳುವುದಿಲ್ಲ, ನಾಳದ ಗೋಡೆಯ ಜೀವಕೋಶಗಳೇ ಅವನ್ನು ಒಳಕ್ಕೆ ಸಾಗಿಸುತ್ತವೆ.

ಒಳಗೆ ಹೋದ ಮೇಲೂ ದಾರಿ ಸಲೀಸಲ್ಲ. ಗಡ್ಡೆ ಎಂದರೆ ಕ್ಯಾನ್ಸರ್ ಕೋಶಗಳ ಮುದ್ದೆಯಷ್ಟೇ ಅಲ್ಲ. ಕೊಲಾಜನ್‌ನ ದಟ್ಟ ಎಳೆಗಳು, ಅವನ್ನು ನೇಯುವ ಫೈಬ್ರೊಬ್ಲಾಸ್ಟ್‌ಗಳು, ಗಡ್ಡೆಯ ಪರ ನಿಂತ ರೋಗನಿರೋಧಕ ಕೋಶಗಳು, ಆಮ್ಲಜನಕದ ಕೊರತೆ ಎಲ್ಲವೂ ಸೇರಿದ ಪರಿಸರ ಅದು. ಸೋರಿದ ದ್ರವದಿಂದ ಒಳಗಿನ ಒತ್ತಡ ಏರಿ, ಔಷಧ ಮುಂದೆ ಹರಿಯುವುದೇ ಕಷ್ಟವಾಗುತ್ತದೆ. ಬಾಸ್ಟನ್ನಿನ ವಿಜ್ಞಾನಿ ರಾಕೇಶ್ ಜೈನ್ ದಶಕಗಳಿಂದ ಹೇಳುತ್ತಿರುವುದು ಇದನ್ನೇ: ಗಡ್ಡೆಯ ಕೆಟ್ಟ ರಕ್ತನಾಳಗಳನ್ನು ಮೊದಲು ಸರಿಪಡಿಸಿದರೆ ಔಷಧ ಚೆನ್ನಾಗಿ ಒಳಹೋಗುತ್ತದೆ.

ಪರಿಸರವನ್ನು ಒಡೆದುಹಾಕಿದರೆ ಸಾಕೆಂದೂ ಅಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಗಡ್ಡೆಯ ಕೋಶಗಳ ನಡುವೆ ತುಂಬಿರುವ ಹಯಲುರಾನಿಕ್ ಆಮ್ಲ ಎಂಬ ಲೋಳೆಯಂಥ ವಸ್ತುವನ್ನು ಕರಗಿಸುವ ಕಿಣ್ವವನ್ನು, ಆಲ್ಬುಮಿನ್‌ಗೆ ಅಂಟಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ನ್ಯಾನೊ ಔಷಧ ಮತ್ತು ಜೆಮ್ಸೈಟಬಿನ್ ಎಂಬ ಕಿಮೋ ಔಷಧದ ಜೊತೆ ಕೊಟ್ಟು ನೋಡಿದರು. ಮೂರನೇ ಹಂತದ ಪರೀಕ್ಷೆಯಲ್ಲಿ ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. 2019ರಲ್ಲಿ ಆ ಸುದ್ದಿ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಆ ಕಾಯಿಲೆಯವರಿಗೆ ಆಯ್ಕೆಗಳೇ ಕಡಿಮೆ.

ಪರಿಸರವನ್ನು ಕೆಡವುವುದಕ್ಕಿಂತ ನಮ್ಮ ಕಡೆಗೆ ತಿರುಗಿಸಿಕೊಳ್ಳುವುದರಲ್ಲಿ ನನಗೆ ಹೆಚ್ಚು ನಂಬಿಕೆ. ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ನ್ಯಾನೊಕಣ, ಇಲಿಗಳಲ್ಲಿ ಗಡ್ಡೆಯ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಗಡ್ಡೆಯ ವಿರುದ್ಧವೇ ಎಬ್ಬಿಸಿತು ಎಂದು 2016ರಲ್ಲಿ ಸ್ಟ್ಯಾನ್‌ಫರ್ಡ್‌ನವರು ವರದಿ ಮಾಡಿದರು. ಅದರೊಳಗೆ ಕಿಮೋ ಔಷಧವೇ ಇರಲಿಲ್ಲ. ಕಣವೇ ಕೆಲಸ ಮಾಡಿತ್ತು.